ನಾಲೆ ನಿಂತ ಮೇಲೆ

ಆಷಾಢದಲ್ಲೇ ಕರೆಸಿದೆ ಬೋರಲಿಂಗಣ್ಣನನ್ನು.
ಲೆಕ್ಕ ಹಾಕಿಯೇ ಕರೆಸಿದ್ದೆ: ಗೃಹಪ್ರವೇಶಗಳಿಲ್ಲ,
ಮೇಸ್ತ್ರಿಗಳು ಖಾಲಿ, ಕೂಲಿ ಕಡಿಮೆ,
ಈಜುವವರು ಯಾರೂ ಇಲ್ಲ, ನನ್ನ ಮಂಡಿನೋವೊಂದನ್ನು ಬಿಟ್ಟರೆ.

ಕೊಳದ ಅಂಚಿಗೆ ಕುಕ್ಕರುಗಾಲಲ್ಲಿ ಕೂತ.
ಸಡಿಲವಾದ ನೀಲಿ ಟೈಲನ್ನು ಬೆರಳಲ್ಲಿ ತಟ್ಟಿ ಕಿವಿಗೊಟ್ಟ,
ತೆಂಗಿನಕಾಯಿ ಕೊಳ್ಳುವವರ ಹಾಗೆ.
ಆಮೇಲೆ ಕಾಂಪೌಂಡಿನಾಚೆ ನೋಡಿದ.
ಗದ್ದೆಬಯಲು. ಅದರಾಚೆ, ತುಂಬಿ ಹರಿಯುವ ನಾಲೆ.

"ಈಗ ಆಗಕಿಲ್ಲ ಕಣವ್ವ. ನಾಲೆ ಬುಟ್ಟವ್ರೆ,
ನೆಲದೊಳಗೆಲ್ಲ ನೀರು ನಿಂತದೆ.
ಈಗ ಖಾಲಿ ಮಾಡುದ್ರೆ ಇದು ಕೊಳ ಅಲ್ಲ, ಹರಿಗೋಲು.
ಮ್ಯಾಕ್ಕೆ ಎದ್ದು ಬತ್ತದೆ."

ನಾನು ನಕ್ಕೆ. ಅವನು ನಗಲಿಲ್ಲ.
ಮದ್ದೂರಿನ ಕಡೆ ಯಾರದೋ ತೋಟದ ಮನೆಯಲ್ಲಿ
ಹೀಗೇ ಶ್ರಾವಣದಲ್ಲಿ ಖಾಲಿ ಮಾಡಿದರಂತೆ.
ಬೆಳಗಾಗುವುದರೊಳಗೆ ಒಂದು ಮೂಲೆ ಮೊಣಕಾಲುದ್ದ ಎದ್ದಿತ್ತಂತೆ,
ಮಲಗಿದ ಎಮ್ಮೆ ಮೊದಲು ಹಿಂಗಾಲೆತ್ತಿದ ಹಾಗೆ.
"ಒಳಗಿನ ನೀರು ಹೊರಗಿನ ನೀರ್ನ ತಡ್ಕಂಡದೆ.
ಸೋರುದ್ರೂ ಸೋರ್ಲಿ, ಇರ್ಲಿ ಬುಡಿ."

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ.
ಹನ್ನೊಂದು ವರ್ಷದಿಂದ ಅವರದು ಒಂದೇ ಮಾತು:
ಮುಚ್ಚಿಬಿಡು. ಮೇಲೆ ನುಗ್ಗೆ ಹಾಕೋಣ.

ದೀಪಾವಳಿಗೆ ಕೇಳಿದೆ. ಭತ್ತಕ್ಕಿನ್ನೂ ನೀರು ಬೇಕಿತ್ತು.
ಧನುರ್ಮಾಸಕ್ಕೆ ಕೇಳಿದೆ. ಮಂಜು, ಸಿಮೆಂಟು ಕಚ್ಚುವುದಿಲ್ಲವಂತೆ,
ಅಲ್ಲದೆ ಅವನೇ ಕುಯ್ಲಿಗೆ ಹೋಗಿದ್ದ.
"ಹಾಗಾದರೆ ಚೈತ್ರ?" ಎಂದೆ ಫೋನಿನಲ್ಲಿ.
"ಬಿಸ್ಲಿಗೆ ಗಾರೆ ಬಾಯಿ ಬುಡ್ತದೆ.
ತುಂಬ್ಸಕ್ಕೆ ನೀರೆಲ್ಲಿಂದ ತತ್ತೀರಿ?
ಬೀದಿನಲ್ಲಿ ಮುಂದೆ ಬಿಂದಿಗೆ ಸಾಲು ಕಂಡಿಲ್ವಾ?"
ಕಂಡಿದ್ದೆ. ಸುಮ್ಮನಾದೆ.

ಉಳಿದದ್ದು ಒಂದು ಸಣ್ಣ ಸಂದು.
ಎಳ್ಳು ಬೀರಿ ಮುಗಿದು, ನಾಲೆ ನಿಂತು,
ಗದ್ದೆಯಲ್ಲಿ ಕೂಳೆ ಒಣಗಿ,
ಚಳಿ ಶಿವಶಿವಾ ಎಂದು ಹೊರಡುವ ಮೊದಲು
ನಾಲ್ಕೈದು ವಾರ.

ಹತ್ತು ದಿನ ಕ್ಲೋರಿನ್ ಹಾಕದೆ ಬಿಟ್ಟೆವು.
ಮೋಟರಿಟ್ಟು ನೀರನ್ನು ತೆಂಗಿನ ಬುಡಗಳಿಗೆ ತಿರುಗಿಸಿದೆವು.
ತಳ ಕಂಡಿತು: ಎಲೆಗಳ ಕೆಸರು, ಎರಡು ಕಪ್ಪೆ, ತಲೆಯ ಕ್ಲಿಪ್ಪು.
ಜಾಲರಿ ಬಿಚ್ಚಿ ಮೊಣಕೈತನಕ ಕೈ ಹಾಕಿದ ಬೋರಲಿಂಗಣ್ಣ
ಲೋಳೆಯೊಳಗಿಂದ ಏನೋ ತೆಗೆದು ಲುಂಗಿಗೆ ಒರೆಸಿದ.

ಅತ್ತೆಯ ಮೂಗುಬೊಟ್ಟು. ಏಳು ಕಲ್ಲಿನದು. ನಡುವಿನ ಕಲ್ಲಿರಲಿಲ್ಲ.

ಆರು ವರ್ಷದ ಹಿಂದೆ, ಇದಕ್ಕಾಗಿ,
ರಾಚಮ್ಮನ ಬುತ್ತಿಚೀಲ ಬಿಚ್ಚಿಸಿದ್ದೆ,
ಸೆರಗಿನ ಗಂಟು ಬಿಚ್ಚಿಸಿದ್ದೆ.
ಎಲೆಅಡಿಕೆ ಇತ್ತು, ಬಸ್ಸಿನ ಚಿಲ್ಲರೆ ಇತ್ತು.
ಮಾರನೆಯ ದಿನ ಅವಳು ಬರಲಿಲ್ಲ.
ಬರದಿದ್ದದ್ದೇ ಸಾಕ್ಷಿ ಅಂದುಕೊಂಡೆ.

"ಇದಕ್ಕೆ ಯಾವುದು ಕಾಲ, ಬೋರಲಿಂಗಣ್ಣ?"
ಅವನು ಆಗಲೇ ಗಾರೆ ಕಲಸುತ್ತಿದ್ದ.
"ಇಪ್ಪತ್ತೊಂದು ದಿನ ನೆನೀಬೇಕು ಕಣವ್ವ,
ಅಲ್ಲೀಗಂಟ ಕಾಲಿಡಬ್ಯಾಡಿ."

ಕಾಯಲಿಲ್ಲ. ಆಟೋ ಮಾಡಿಕೊಂಡು ಬೂದನೂರಿಗೆ ಹೋದೆ.
ಆಲೆಮನೆಯ ಅಂಗಳದಲ್ಲಿ ರಾಚಮ್ಮ
ಕಬ್ಬಿನ ಸಿಪ್ಪೆ ಹರಡುತ್ತಿದ್ದಳು. ಕೂದಲು ನೆರೆತಿತ್ತು.
ಅಂಗೈ ತೆರೆದು ತೋರಿಸಿದೆ.
ಮುಟ್ಟಲಿಲ್ಲ ಅವಳು.
"ಸಿಕ್ತಾ?" ಅಂದಳು, ತನ್ನದೇ ಕಳೆದಿತ್ತೇನೋ ಎಂಬಂತೆ.

ನಾನು ಬಾಯಿ ತೆರೆಯುವಷ್ಟರಲ್ಲಿ
ಒಳಗಿಂದ ಯಾರೋ ಕೂಗಿದರು.
"ಕೊಪ್ಪರಿಗೆ ಉಕ್ತಾ ಅದೆ. ಈಗ ಪುರ್ಸೊತ್ತಿಲ್ಲ.
ಆಲೆ ನಿಂತ ಮ್ಯಾಲೆ ಬನ್ನಿ."

ಕೊಳ ಈಗ ಹೊಸದು. ಟೈಲು ತಿಳಿಹಸಿರು.
ಬೀದಿಗೆ ಕಣ್ಣು ಕುಕ್ಕದಂತೆ, ನಮ್ಮದೇ ಬೋರಿನಿಂದ
ರಾತ್ರಿಗೊಂದು ಗಂಟೆ ನೀರು ಬಿಡುತ್ತೇವೆ.
ಇನ್ನೂ ಮೂರನೆಯ ಸಾಲು ಮುಳುಗಿಲ್ಲ.
ಯಜಮಾನರು ಪಕ್ಕದಲ್ಲಿ ಬಂದು ಕೂರುತ್ತಾರೆ,
ನುಗ್ಗೆಯ ಮಾತೆತ್ತುವುದಿಲ್ಲ.

ಆಲೆ ಯಾವಾಗ ನಿಲ್ಲುತ್ತದೆ ಎಂದು ನಾನು ಕೇಳಲಿಲ್ಲ.
ಗಾಳಿ ಆ ಕಡೆಯಿಂದ ಬೀಸಿದಾಗ
ಬೆಲ್ಲದ ವಾಸನೆ ಇನ್ನೂ ಬರುತ್ತಿದೆ.