ಎರಡು ಗೆರೆ

ಹಾಲಿಸ್ಟರ್ ಊರಿನ ಈ ಬೀದಿಯಲ್ಲಿ
ಫುಟ್‌ಪಾತಿನ ಅಂಚು ನೇರವಾಗಿ ಬಂದು
ನಮ್ಮ ಗೇಟಿನೆದುರು ಸೊಂಟ ಉಳುಕಿಸಿಕೊಂಡಿದೆ.
ವರ್ಷಕ್ಕೆ ಅರ್ಧ ಬೆರಳು, ಅಷ್ಟೇ, ಎನ್ನುತ್ತಾಳೆ
ಪಕ್ಕದ ಮನೆಯ ಡೊಲೊರೆಸ್ ಅರಿಯಾಗ.
ಗಂಡ ಸತ್ತ ವರ್ಷ ಗ್ಯಾರೇಜಿನ ಬಿರುಕಿಗೆ
ಅಡ್ಡಲಾಗಿ ಎಳೆದ ಒಂದು ಪೆನ್ಸಿಲ್ ಗೆರೆ
ಈಗ ಎರಡು ಗೆರೆ.
ಒಂದರ ತುದಿ ಇನ್ನೊಂದಕ್ಕೆ ಸಿಗುವುದಿಲ್ಲ.

ಮೊದಲ ವರ್ಷ ನಾನು ಹೆದರಿದ್ದಕ್ಕೆ ಲೆಕ್ಕವಿಲ್ಲ:
ಕಸದ ಲಾರಿಗೆ, ವಾಷಿಂಗ್ ಮಷೀನಿಗೆ,
ನಿದ್ದೆಯಲ್ಲಿ ನೀನು ಕಾಲು ಒದರಿದ್ದಕ್ಕೆ.
ಈಗ ಬೀರುವನ್ನು ಗೋಡೆಗೆ ಬಿಗಿದಾಗಿದೆ,
ಹಿತ್ತಾಳೆ ದೀಪದ ಬುಡಕ್ಕೆ ಮೇಣದ ಉಂಡೆ,
ಗ್ಯಾಸಿನ ಪೈಪಿಗೆ ದಾರ ಕಟ್ಟಿದ ಸ್ಪ್ಯಾನರ್.
ಮಂಚದ ಕೆಳಗೆ ಚಪ್ಪಲಿಯಲ್ಲ, ಬೂಟು;
ಒಡೆದ ಗಾಜು ತುಳಿದೇ ಮೊದಲ ಗಾಯವಂತೆ.
ಬಲಗಾಲಿನದರಲ್ಲಿ ಟಾರ್ಚು,
ಎಡಗಾಲಿನದರಲ್ಲಿ ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ.

ಮಗಳ ಮದುವೆ ಮುರಿದಾಗ ಚಿಕ್ಕಮ್ಮ ಫೋನಿನಲ್ಲಿ ಅತ್ತಳು:
ನಿಂತ ನೆಲವೇ ಕುಸಿದಂತಾಯಿತು ಕಣೇ.
ಎಷ್ಟು ಸೆಕೆಂಡು, ಎಂದು ಕೇಳಿಬಿಟ್ಟೆ.
ಇನ್ನೂ ಮಾತು ಬಿಟ್ಟಿದ್ದಾಳೆ.

ನಿನ್ನೆ ರಾತ್ರಿ ಮೂರಕ್ಕೆ
ಲೋಟದ ನೀರು ಒಮ್ಮೆ ಬೆಚ್ಚಿತು.
ಮೇಜಿನಡಿ ನುಗ್ಗಬೇಕೆಂದು ಎಲ್ಲರಿಗೂ ಕಲಿಸಿದವಳು ನಾನೇ,
ನುಗ್ಗಿದ್ದು ನಾಯಿ ಮಾತ್ರ.
ನಾವಿಬ್ಬರೂ ಕಣ್ಣು ಬಿಟ್ಟುಕೊಂಡು ಮಲಗಿ
ಮುಂದಿನದಕ್ಕೆ ಕಾದೆವು.
ಬರಲಿಲ್ಲ. ನೀನು ಗೊರಕೆ ಹೊಡೆದೆ.

ಬೆಳಿಗ್ಗೆ ಡೊಲೊರೆಸ್ ಗ್ಯಾರೇಜಿನಲ್ಲಿ ಮೊಣಕಾಲೂರಿ
ಕನ್ನಡಕ ಹಣೆಗೇರಿಸಿ, ಸ್ಕೇಲು ಹಿಡಿದಿದ್ದಳು.
ಏನೂ ಹೆಚ್ಚಿಲ್ಲ, ಎಂದಳು,
ಸ್ವಲ್ಪ ಬೇಸರದಲ್ಲೇ.