ಎಡಗೈ ಜೇಬಿನಲ್ಲಿ

ಓಸ್ತ್ರಾವಾ. ರಾತ್ರಿಪಾಳಿಯ ಟ್ರಾಮನ್ನು ಡಿಪೋಗೆ ಬಿಟ್ಟು
ಮನೆ ಸೇರಿದಾಗ ಮೂರೂಮುಕ್ಕಾಲು.
ಏಳನೇ ಮಹಡಿ. ಗೋಡೆ ಎಷ್ಟು ತೆಳುವೆಂದರೆ
ಪಕ್ಕದ ಮನೆಯ ಗೊರಕೆಗೆ ನಾನು ಮಗ್ಗುಲು ಬದಲಿಸುತ್ತೇನೆ.
ಅದಕ್ಕೇ ಹೆಡ್‌ಫೋನ್. ಅದಕ್ಕೇ ಈ ಮೇಜು,
ಬೆಸುಗೆ ಕಡ್ಡಿ, ರಾಳದ ಹೊಗೆ,
ಎರಡು ನಕ್ಷೆ, ಆರಿದ ಕಾಫಿ.

ಒಂದು ಟ್ರಾನ್ಸಿಸ್ಟರಿನದು.
ಅಂಗೈಯಗಲದ ಹಲಗೆ, ಹನ್ನೆರಡು ವೋಲ್ಟು,
ಮುಟ್ಟಿದರೂ ಬೈಯದ ಕರೆಂಟು.
ಕೊಟ್ಟದ್ದನ್ನು ಕೊಟ್ಟ ಹಾಗೇ ದಾಟಿಸುತ್ತದೆ,
ಪತ್ರ ಒಡೆದು ಓದದ ಅಂಚೆಯವನಂತೆ.
ಭಾನುವಾರ ಹಿಡಿದರೆ ಭಾನುವಾರವೇ ಮುಗಿದೀತು.

ಇನ್ನೊಂದು ವಾಲ್ವಿನದು.
ಇನ್ನೂರೈವತ್ತು ವೋಲ್ಟು,
ಇಟ್ಟಿಗೆ ತೂಕದ ಟ್ರಾನ್ಸ್‌ಫಾರ್ಮರು,
ಸ್ವಿಚ್ಚು ಆರಿಸಿದ ಮೇಲೂ
ಸೇಡು ಮರೆಯದ ಕೆಪಾಸಿಟರು.
ಬೆರಳಲ್ಲಿ ತಟ್ಟಿದರೆ
ಕಿವಿಯೊಳಗೆ ಕಿಣಿ ಅನ್ನುತ್ತದೆ ಗಾಜು.

ಬಿಡಿಭಾಗ ಮಾರುವ ಮುದುಕ ಓಲ್ಡ್ರಿಖ್ ಹೇಳಿದ್ದು:
"ಅಳೆಯುವಾಗ ಎಡಗೈ ಜೇಬಿನಲ್ಲಿರಲಿ.
ಎರಡೂ ಕೈ ಇಟ್ಟೆಯೋ, ಎದೆಯೇ ತಂತಿ."
ಯಾವುದು ಚೆನ್ನ, ಅಂದೆ.
"ನಿನ್ನ ಹೆಡ್‌ಫೋನು ಎಷ್ಟು ಓಮು?"
ಮೂವತ್ತೆರಡು.
"ಹಾಗಾದರೆ ಟ್ರಾನ್ಸಿಸ್ಟರು,"
ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತ ಅಂದ,
"ವಾಲ್ವಿಗೆ ಅದನ್ನೆಳೆಯುವುದು ಕಷ್ಟ. ನಡುವೆ
ಇನ್ನೊಂದು ಟ್ರಾನ್ಸ್‌ಫಾರ್ಮರು ಬೇಕು. ಆ ದುಡ್ಡಿಗೆ
ಚಳಿಗಾಲದ ಬೂಟು ಬರುತ್ತದೆ."

ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ಬೀರುವಿನ ತಳದಲ್ಲಿ, ಹೊಲಿಗೆ ಡಬ್ಬಿಯಲ್ಲಿ,
ಹತ್ತಿ ಸುತ್ತಿಟ್ಟ ನಾಲ್ಕು ವಾಲ್ವುಗಳಿವೆ.
ಅಮ್ಮ ಡ್ರಾಹೋಮೀರಾ
ರೋಝ್ನೋವಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಭೂತಗನ್ನಡಿಗೆ ಕಣ್ಣು ಕೊಟ್ಟು
ಕೂದಲಿಗಿಂತ ಸಪೂರದ ತಂತಿ ಸುತ್ತಿದವಳು.
ಸಂಗೀತವೆಂದರೆ ಅಷ್ಟಕ್ಕಷ್ಟೆ;
ರೇಡಿಯೊ ಹಚ್ಚಿದರೆ "ಯಾರದು ಗಲಾಟೆ" ಅನ್ನುವಳು.
ಗಾಜಿನ ಮೇಲಿನ ಮುದ್ರೆ ಸೊಟ್ಟ ಎಂಬ ಒಂದೇ ತಪ್ಪಿಗೆ
ತಪಾಸಣೆಯಲ್ಲಿ ಬಿದ್ದವು ಈ ನಾಲ್ಕು.
ಅವಳ ಕೋಟಿನೊಳಗೆ ಕೂತು ಬಸ್ಸಿನಲ್ಲಿ ಮನೆಗೆ ಬಂದವು.

ಆಯಸ್ಸು ಐದು ಸಾವಿರ ಗಂಟೆ ಅನ್ನುತ್ತಾರೆ.
ಹಚ್ಚಿದರೆ ಸವೆಯುತ್ತದೆ ಅವಳ ಕೆಲಸ.
ಹಚ್ಚದಿದ್ದರೆ
ಸೂಜಿಗಳ ನಡುವೆ ಹಾಗೇ ಇರುತ್ತದೆ, ಸುಮ್ಮನೆ.
ಟ್ರಾನ್ಸಿಸ್ಟರಿಗೆ ಈ ಲೆಕ್ಕವಿಲ್ಲ.
ನನ್ನನ್ನು ಮಣ್ಣು ಮಾಡಿ ಬಂದೂ ನುಡಿದೀತು.
ಯಾರ ಕೈಯೂ ತಾಗದ್ದು ಅದು.

ಇಲ್ಲ, ತಪ್ಪು ಹೇಳಿದೆ.
ಎಲ್ಲೋ ಒಂದು ಊರಿನಲ್ಲಿ ಯಾರೋ ಒಬ್ಬಳು
ಮಗುವನ್ನು ಮಲಗಿಸಿ ಪಾಳಿಗೆ ಬಂದು
ಅದನ್ನೂ ಬೆಳಕಿಗೆ ಹಿಡಿದು, ಸರಿ, ಅಂದಿರುತ್ತಾಳೆ.
ಅವಳ ಮಗಳು ನಾನಲ್ಲ, ಅಷ್ಟೆ.

ಈ ಚಳಿಗಾಲಕ್ಕೂ ಹಳೇ ಬೂಟೇ.

ಆರು ವಾರ ಹಿಡಿಯಿತು. ಇವತ್ತು ಸ್ವಿಚ್ಚು ಒತ್ತಿ
ಎಡಗೈಯನ್ನು ಜೇಬಿನಲ್ಲಿ ಮುಷ್ಟಿ ಬಿಗಿದು ಕೂತೆ.
ಮೊದಲು ಏನೂ ಇಲ್ಲ. ಆಮೇಲೆ
ಗಾಜಿನ ಬುಡದಲ್ಲಿ ಒಲೆಯ ಕೊನೆಯ ಕೆಂಡದಷ್ಟು ಕೆಂಪು.
ಕಿವಿಗೆ ಬಂದದ್ದು ಹಾಡಲ್ಲ:
ಗುಂಯ್.
ಎಲ್ಲೋ ಅರ್ಥು ತಪ್ಪಿದೆ.
ಓಲ್ಡ್ರಿಖ್‌ಗೆ ಹೇಳಿದರೆ ನಗುತ್ತಾನೆ.

ನಾಳೆ ಹುಡುಕಿದರಾಯಿತು.
ಗುಂಯ್‌ಗುಡುವುದನ್ನೇ ಕೇಳುತ್ತ ಕೂತಿದ್ದೇನೆ,
ಐದು ಸಾವಿರದಲ್ಲಿ ಮೊದಲನೇ ಗಂಟೆ.