ಮೂರನೇ ಕುರ್ಚಿ

ಮೊದಲು ಒಬ್ಬಳೇ ಬಂದೆ.
ಕೌಲ್ ಬಜಾರಿನಿಂದ ಆಟೋ, ಮಡಿಲಲ್ಲಿ ಈಸಿಜಿ ಚೀಟಿ:
ಎದೆಯಲ್ಲಿ ಏನೂ ಇಲ್ಲ.
ಏನೂ ಇಲ್ಲದ್ದು ಹಿಂಗ ಬಡಕೊಂತೈತೇನ್ರಿ, ಅಂದೆ.
ಮೇಡಂ ನಗಲಿಲ್ಲ. "ಯಾವಾಗ?" ಅಂದರು.

ಮಷೀನು ನಿಂತಾಗ.
ಕರೆಂಟ್ ಹೋಗಿ, ಓಣಿಯ ಜೀನ್ಸ್ ಹೊಲಿಗೆಯೆಲ್ಲ
ಒಮ್ಮೆಲೇ ಸುಮ್ಮನಾದಾಗ.

ಎರಡನೇ ಸಲ ಪಂಪಾಪತಿ ಬಂದ,
ವಾಷಿಂಗ್ ಘಟಕದ ನೀಲಿ ಇನ್ನೂ ಉಗುರಲ್ಲೇ.
"ಏನ್ ಕಡಿಮಿ ಆಗೇತಿ ಇಕಿಗೆ?"
ಅರ್ಧ ತಾಸಿನ ಮೇಲೆ, ಬಾಗಿಲ ಕಡೆ ನೋಡುತ್ತ:
"ಇಕಿ ನಡುಗಿದ್ರ ನಂಗ ಅಂಜಿಕಿ. ಅದಕ್ಕ ಬೈತೀನಿ."
ಹನ್ನೊಂದು ವರ್ಷಕ್ಕೆ ಮೊದಲ ಸಲ ಕೇಳಿದೆ ಆ ದನಿ.

ಮೂರನೇ ಕುರ್ಚಿ ಅತ್ತೆಗೆ.
ಹುಲಿಗೆಮ್ಮ ಕೂರಲಿಲ್ಲ, ಗೋಡೆಗೊರಗಿ ನಿಂತಳು.
ಗಾಳಿ ಸೋಕೇತಿ, ತಾಯತ ಕಟ್ಟಿಸೇವಿ...
ಆಮೇಲೆ ಸೆರಗು ತಿರುವುತ್ತ, ಯಾರಿಗೋ ಎಂಬಂತೆ:
"ನಾನೂ ನಡುರಾತ್ರಿ ಎದ್ದು ಕೊಡ ಎಣಸ್ತಿದ್ದೆ.
ಆರದಾವ. ಮತ್ತ ಎಣಸ್ತಿದ್ದೆ.
ಯಾರ್ ಕೇಳ್ಯಾರ?"

ಮೇಡಂ ಪೆನ್ನು ಕೆಳಗಿಟ್ಟರು.

ನಿನ್ನೆ ರಾತ್ರಿ ಮತ್ತೆ ಕರೆಂಟ್ ಹೋಯಿತು.
ಬಳ್ಳಾರಿಗೆ ಬಳ್ಳಾರಿಯೇ ಕಪ್ಪು. ಎದೆ ಓಟ ಕಿತ್ತಿತು.
ಕತ್ತಲಲ್ಲಿ ಅತ್ತೆಯ ದನಿ:
"ಎದ್ದಿಯೇನು? ಬಾ. ಕೊಡ ಎಣಸೂಣು."
ನಾಲ್ಕಕ್ಕೆ ನಗು ಬಂತು ಇಬ್ಬರಿಗೂ.
ಇನ್ನೆರಡು ಹಾಗೇ ಉಳಿದವು.